ಅತ್ತೆ ಕೋಣೆಗೆ ಬಂದ ಸಿಲಿಂಡರು

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವ ಕೆಲಸ ಕಾಂತರಾಜುವಿನದು. ವರ್ಷಾನುಗಟ್ಟಲೆ ಕೂಗಿ ಕೂಗಿ ಅವನ ಗಂಟಲು ಆ ಅಳತೆಗೇ ನಿಂತುಬಿಟ್ಟಿತ್ತು. ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಕೇಳಿದರೆ ಎದುರುಮನೆಯ ಗುರುಸಿದ್ದಮ್ಮ ತಮ್ಮ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದರು. ಇಂಥ ಮನುಷ್ಯ ಗುಟ್ಟು ಮಾಡಲು ಹೋಗಬಾರದಿತ್ತು. ಹೋದ.

ಗುಟ್ಟಿಗೆ ಕಾರಣ ಬಚ್ಚಲ ಒಲೆ. ಅವನ ಅತ್ತೆ ಲಕ್ಷ್ಮಿದೇವಮ್ಮನವರು ಮಗಳ ಮನೆಗೆ ಬಂದು ನೆಲೆಸಿದ ದಿನದಿಂದ ಆ ಒಲೆ ಅವರ ಸ್ವಂತ ರಾಜ್ಯ. ಬೆಳಗ್ಗೆ ಎದ್ದು ತೆಂಗಿನ ಮಟ್ಟೆ ತುರುಕಿ ಹಂಡೆ ಕಾಯಿಸಿ, ಯಾರು ಮೊದಲು ಮೀಯಬೇಕು, ಯಾರು ಆಮೇಲೆ ಎಂದು ಅವರೇ ಅಪ್ಪಣೆ ಕೊಡುತ್ತಿದ್ದರು. ಹೀಗಿರುವಾಗ ಕಾಂತರಾಜು ಹಾಸನದಲ್ಲಿ ಯಾವುದೋ ಮಳಿಗೆಗೆ ಹೊಕ್ಕು, ಹೀಟ್ ಪಂಪ್ ಎಂಬ ಯಂತ್ರ ಕಂಡು, ಮರುಳಾಗಿ ಬಂದ. ಬರಿಯ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರು ಕಾಯಿಸುತ್ತದಂತೆ! ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರಿಂದ ಹಿಡಿದು ಕಡಲೆಕಾಯಿ ಮಾರುವವಳವರೆಗೆ ಎಲ್ಲರಿಗೂ ವಿವರಿಸಿದ. ವಿವರಿಸುವ ಹುಮ್ಮಸ್ಸಿನಲ್ಲಿ, ಯಂತ್ರ ಬರುವ ಮೊದಲೇ, ಅತ್ತೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಗಾರೆಯವನನ್ನು ಕರೆಸಿ ಒಲೆ ಒಡೆಸಿಬಿಟ್ಟ.

ಲಕ್ಷ್ಮಿದೇವಮ್ಮನವರು ಬಂದು ಇಟ್ಟಿಗೆಯ ಗುಡ್ಡೆ ನೋಡಿದರು. ಬೈದಿದ್ದರೆ ಕಾಂತರಾಜು ಬದುಕಿಕೊಳ್ಳುತ್ತಿದ್ದ. ಅವರು ಬೈಯಲಿಲ್ಲ. ಎರಡು ಸೀರೆ ಚೀಲಕ್ಕೆ ತುಂಬಿದರು, ಮೊಬೈಲನ್ನು ಮಂಚದ ಮೇಲೆ ಇಟ್ಟರು.

"ಈ ಬಚ್ಚಲಲ್ಲಿ ಬಿಸ್ನೀರು ಬರಗಂಟ ನಾನು ಈ ಮನೆ ಒಸ್ಲು ತುಳಿಯಾಕಿಲ್ಲ. ನಿಮ್ ಫೋನೂ ಬ್ಯಾಡ" ಎಂದು ನುಗ್ಗೇಹಳ್ಳಿಯ ತಂಗಿ ಮನೆಗೆ ಹೊರಟರು. ಆ ಬಸ್ಸನ್ನು ಕಾಂತರಾಜುವೇ ಮೈಕಿನಲ್ಲಿ ಕೂಗಿ ಕಳಿಸಬೇಕಾಯಿತು.

ಹೆಂಡತಿ ಕಲಾವತಿ ಹೊಳೆನರಸೀಪುರದಲ್ಲಿ ಹೈಸ್ಕೂಲು ಟೀಚರು. ಅವಳು ಆವತ್ತಿನಿಂದ ಗಂಡನೊಡನೆ ಮಾತು ನಿಲ್ಲಿಸಿ, ಹೇಳಬೇಕಾದ್ದನ್ನು ಗೋಡೆಗೆ ಹೇಳತೊಡಗಿದಳು. "ಅಮ್ಮ ವಾಪಸ್ ಬರೋವರೆಗೂ ಕೆಲವರು ನನ್ನ ಮಾತಾಡಿಸಬಾರದು" ಎಂದಳು ಗೋಡೆಗೆ.

"ನಿಮ್ಮತ್ತೆ ಕಾಣ್ತಾನೇ ಇಲ್ವಲ್ಲಪ್ಪ?" ಎಂದು ಗುರುಸಿದ್ದಮ್ಮ ಕೇಳಿದಾಗ ಕಾಂತರಾಜುವಿಗೆ ಮಾನ ಅಡ್ಡ ಬಂತು. ಒಲೆಗಾಗಿ ಅತ್ತೆ ಮನೆ ಬಿಟ್ಟರು ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

"ಸ್ವಲ್ಪ ಉಷಾರಿಲ್ಲ, ಒಳಗೆ ಮಲಗವ್ರೆ" ಎಂದುಬಿಟ್ಟ.

ಯಂತ್ರ ಕೂರಿಸುವ ದಿನ ಬಂತು. ಕಾಂತರಾಜು ರಜೆ ಹಾಕಿ, ನುಗ್ಗೇಹಳ್ಳಿ ಬಸ್ಸಿನ ಕಂಡಕ್ಟರ ಕೈಲಿ ಅತ್ತೆಗೆ ಸುದ್ದಿ ಕಳಿಸಿದ. "ಸಾಯಂಕಾಲಕ್ಕೆ ಬಿಸಿನೀರು ಗ್ಯಾರಂಟಿ, ಬಂದ್ಬುಡಿ." ಕಳಿಸಿದ ಮೇಲೆ ಅವನಿಗೆ ಹೊಳೆಯಿತು. ಅತ್ತೆ ಬಂದು ನಲ್ಲಿ ತಿರುಗಿಸಿ ತಣ್ಣೀರು ಬಂದರೆ, ಆಮೇಲೆ ಅವರನ್ನು ಕರೆತರುವ ಬಸ್ಸು ಭೂಮಿಯ ಮೇಲೆ ಇರಲಿಲ್ಲ.

ಹಾಸನದಿಂದ ಗೂಡ್ಸ್ ಆಟೋದಲ್ಲಿ ಮೆಕ್ಯಾನಿಕ್ ಮೋಹನ್‌ಕುಮಾರ್ ಬಂದಿಳಿದ. ಯಂತ್ರದ ದೊಡ್ಡ ಡಬ್ಬ ಹಿತ್ತಲಲ್ಲಿ, ನೀರಿನ ಟ್ಯಾಂಕು ಬಚ್ಚಲ ಅಟ್ಟದ ಮೇಲೆ. ಎರಡಕ್ಕೂ ನಡುವಿನ ತಾಮ್ರದ ಪೈಪು ಲಕ್ಷ್ಮಿದೇವಮ್ಮನವರ ಕೋಣೆಯ ಗೋಡೆಯ ಮೇಲೆ ಹಾದುಹೋಗಬೇಕು. ಪೈಪು ಜೋಡಿಸಿ ಆದಮೇಲೆ ಮೋಹನ್‌ಕುಮಾರ್ ಹಣೆ ಒರೆಸಿಕೊಂಡ.

"ಸಾರ್, ಅಸಲಿ ಕೆಲಸ ಈಗ ಶುರು. ಮೊದಲು ಪೈಪಿಗೆ ನೈಟ್ರೋಜನ್ ತುಂಬಿ ಪ್ರೆಶರ್ ಕೊಡ್ತೀನಿ. ಗೇಜಿನ ಮುಳ್ಳು ಇಳೀಬಾರದು. ಇಳಿದರೆ ಎಲ್ಲೋ ಲೀಕ್ ಇದೆ ಅಂತ. ಆಮೇಲೆ ಪಂಪ್ ಹಾಕಿ ಪೈಪಿನ ಒಳಗಿರೋ ಗಾಳಿ, ತೇವ ಎಲ್ಲಾ ಎಳೆದು ತೆಗೀಬೇಕು. ಪಂಪ್ ನಿಲ್ಲಿಸಿದ ಮೇಲೆ ಮೀಟರಿನ ಅಂಕಿ ಏರಬಾರದು."

"ಮೊದ್ಲು ಇಳೀಬಾರದು, ಆಮೇಲೆ ಏರಬಾರದು" ಎಂದು ಕಾಂತರಾಜು ಮಂತ್ರದಂತೆ ಬಾಯಿಪಾಠ ಮಾಡಿ, ಎರಡನೇ ಸಲಕ್ಕೇ ಹಿಂದುಮುಂದು ಮಾಡಿಕೊಂಡ.

"ಎರಡೂ ಸರಿಯಾಗದೆ ನಾನು ಯಂತ್ರದ ಗ್ಯಾಸ್ ಪೈಪಿಗೆ ಬಿಡಲ್ಲ. ಇವತ್ತು ಆಗಲಿಲ್ಲ ಅಂದ್ರೆ ಹಬ್ಬ ಕಳೆದ ಮೇಲೇ ನಾನು ಬರೋದು."

ಕಾಂತರಾಜು ತಾನೇ ಮುಂದಾಗಿ ಆಟೋ ಕಡೆ ನಡೆದ.

ಇಬ್ಬರೂ ಸೇರಿ ಆಳೆತ್ತರದ ಸಿಲಿಂಡರನ್ನು ಆಟೋದಿಂದ ಇಳಿಸಿ, ಉರುಳಿಸಿಕೊಂಡು ಅತ್ತೆಯ ಕೋಣೆಗೆ ಒಯ್ದರು. ಅದನ್ನು ಎದುರುಮನೆಯ ಗುರುಸಿದ್ದಮ್ಮ ಹಪ್ಪಳ ಒಣಹಾಕುತ್ತ ನೋಡಿದರು. ಸಿಲಿಂಡರು, ಅದರ ತಲೆಯಲ್ಲಿ ಗಡಿಯಾರ, ಉದ್ದನೆಯ ಕೊಳವೆ. ಹೋದದ್ದು ಎಲ್ಲಿಗೆ? ಹುಷಾರಿಲ್ಲದೆ ಮಲಗಿರುವ ಲಕ್ಷ್ಮಿದೇವಮ್ಮನವರ ಕೋಣೆಗೆ. ಹಪ್ಪಳವನ್ನು ಕಾಗೆಗಳಿಗೆ ಒಪ್ಪಿಸಿ ಗುರುಸಿದ್ದಮ್ಮ ಪಕ್ಕದ ಮನೆಗೆ ಓಡಿದರು.

ಪಕ್ಕದ ಮನೆಯ ಅಮರನಾಥರು ರಿಟೈರ್ಡ್ ಹೆಲ್ತ್ ಇನ್ಸ್‌ಪೆಕ್ಟರು. ಬೀದಿಯಲ್ಲಿ ಯಾರು ಕೆಮ್ಮಿದರೂ ಅವರೇ ಮೊದಲು ರೋಗದ ಹೆಸರು ಹೇಳಬೇಕು.

"ಆಕ್ಸಿಜನ್" ಎಂದರು ಅಮರನಾಥರು ಪೇಪರು ಮಡಚಿಟ್ಟು. "ಮನೆಯಲ್ಲೇ ಕೊಡ್ತಿದ್ದಾರೆ ಅಂದ್ರೆ ಆಸ್ಪತ್ರೆಯವರು ಕೈಬಿಟ್ಟಿದ್ದಾರೆ ಅಂತ ಅರ್ಥ."

ಇಬ್ಬರೂ ಕಾಂತರಾಜುವಿನ ಕಾಂಪೌಂಡಿನ ಪಕ್ಕ ಬಂದು ಕಿವಿಗೊಟ್ಟರು. ಕಿವಿಗೊಡುವ ಅಗತ್ಯವೇನೂ ಇರಲಿಲ್ಲ. ಮೋಹನ್‌ಕುಮಾರ್ ಹಿತ್ತಲಲ್ಲಿ, ಕಾಂತರಾಜು ಕೋಣೆಯಲ್ಲಿ ಗೇಜಿನ ಮುಂದೆ. ಮಾತು ಮನೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು.

"ಪ್ರೆಶರ್ ಎಷ್ಟಿದೆ ಸಾರ್?"

"ನಾನೂರೈವತ್ತು!"

ಅಮರನಾಥರು ಗೇಟು ಹಿಡಿದುಕೊಂಡರು. "ಇನ್ನೂರು ದಾಟಿದ್ರೇ ಮೆದುಳಿನ ನರ ಒಡೆಯುತ್ತೆ. ನಾನೂರೈವತ್ತು ನನ್ನ ಇಡೀ ಸರ್ವೀಸಲ್ಲೇ ಕೇಳಿಲ್ಲ!"

"ಇಳೀತಾ ಅದೆ! ಮೋಹನ್‌ಕುಮಾರ್, ಇಳೀತಾ ಅದೆ!"

"ಗಾಬರಿ ಆಗ್ಬೇಡಿ. ನೊರೆ ಬರ್ತಾ ಇದೆಯಾ ನೋಡಿ."

ಕಾಂತರಾಜು ಸೋಪಿನ ನೀರನ್ನು ಬ್ರಷ್ಷಿನಲ್ಲಿ ಪೈಪಿನ ಜಾಯಿಂಟುಗಳಿಗೆ ಹಚ್ಚುತ್ತ ಹೋದ. ಒಂದು ಕಡೆ ಬಿಳಿ ಗುಳ್ಳೆ ಊದಿಕೊಂಡು ಒಡೆಯಿತು.

"ಬತ್ತಾ ಅದೆ! ಗುಳ್ಳೆ ಗುಳ್ಳೆಯಾಗಿ ನೊರೆ ಬತ್ತಾ ಅದೆ!"

"ಎಲ್ಲಿ? ಬಾಯಿ ಹತ್ರಾನಾ?"

"ಬಾಯಿ ಹತ್ರಾನೇ! ಎಡಗಡೆ!"

"ಹಾಗಾದ್ರೆ ಬಾಯಿ ಸರಿಯಾಗಿ ಮುಚ್ಚಿಲ್ಲ. ತಡೀರಿ, ಸ್ಪ್ಯಾನರ್ ತಂದು ಬಿಗೀತೀನಿ."

ಗುರುಸಿದ್ದಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. "ಸ್ಪ್ಯಾನರ್ ಯಾಕೆ ಸಾರ್?"

ಅಮರನಾಥರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅವರ ಅಭ್ಯಾಸದಲ್ಲಿ ಇರಲಿಲ್ಲ. "ಹಲ್ಲು ಕಚ್ಕೊಂಡಿರ್ಬೇಕು" ಎಂದರು ಗಂಭೀರವಾಗಿ. "ಸಂಬಂಧಿಕರಿಗೆ ಹೇಳಿಬಿಡೋದು ಒಳ್ಳೇದು."

ಗುರುಸಿದ್ದಮ್ಮ ಮೊದಲು ಕಲಾವತಿಯ ಸ್ಕೂಲಿಗೆ ಫೋನು ಮಾಡಿದರು. ಆಮೇಲೆ ಅರಕಲಗೂಡಿನ ದೇವಯ್ಯನಿಗೆ.

ದೇವಯ್ಯ ಲಕ್ಷ್ಮಿದೇವಮ್ಮನವರ ಖಾಸಾ ತಮ್ಮ, ಆಲೂಗಡ್ಡೆ ಬೆಳೆಯುವ ಗಟ್ಟಿ ಕುಳ. ಅಕ್ಕತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ದೇವಯ್ಯನ ಮಗನ ಮದುವೆಯಲ್ಲಿ ಅಕ್ಕನನ್ನು ಎರಡನೇ ಪಂಕ್ತಿಗೆ ಕೂರಿಸಿದರು ಎಂಬುದೇ ಜಗಳ. ಸುದ್ದಿ ಕೇಳಿದ ದೇವಯ್ಯ ಜಗಳ ಮರೆತ. ಎಷ್ಟೋ ಕಾಲದ ಮೇಲೆ ಅಕ್ಕನ ನಂಬರು ಒತ್ತಿದ. ಫೋನು ಮಂಚದ ಮೇಲೆ ಹೊಡೆದುಕೊಂಡಿತು. ಎತ್ತಿದ್ದು ಕಾಂತರಾಜು.

ಅಷ್ಟು ಹೊತ್ತಿಗೆ ಲೀಕು ನಿಂತು, ಮುಳ್ಳು ಕದಲದೆ ನಿಂತು, ನೈಟ್ರೋಜನ್ನು ಹೊರಗೆ ಬಿಟ್ಟು, ಮೋಹನ್‌ಕುಮಾರ್ ವ್ಯಾಕ್ಯೂಮ್ ಪಂಪ್ ಚಾಲೂ ಮಾಡಿದ್ದ. ಪಂಪಿನ ಗುಂಯ್ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ.

"ಕಾಂತರಾಜಪ್ಪ, ನಾನು ದೇವಯ್ಯ. ಈಗ ಎಂಗದೆ?"

ಹೀಟ್ ಪಂಪಿನ ಕೀರ್ತಿ ಅರಕಲಗೂಡಿನವರೆಗೂ ಮುಟ್ಟಿತಲ್ಲ ಎಂದು ಕಾಂತರಾಜು ಹಿಗ್ಗಿದ. "ಬೆಳಗ್ಗೆ ಭಾಳ ಭಯ ಆಗೋಗಿತ್ತು ಮಾವ. ಪ್ರೆಶರ್ರೇ ನಿಲ್ತಿರ್ಲಿಲ್ಲ. ಈಗ ನಿಂತದೆ. ಒಳಗಿರೋ ಗಾಳಿ ತೆಗೀತಾವ್ರೆ."

"ಗಾಳಿ ತೆಗೀತಾವ್ರಾ?"

"ಪೂರ್ತಿ ತೆಗೀಬೇಕು ಮಾವ. ಒಂದು ಚೂರು ಉಳೀಬಾರದು."

"ಯಾವನ್ಲಾ ಅಂಗೆ ಮಾಡು ಅಂದೋನು?"

"ಆಸನದಿಂದ ಸ್ಪೆಷಲಿಸ್ಟು ಬಂದವ್ರೆ."

"ಕಲಾವತಿ ಒಪ್ಪವ್ಳಾ?"

"ಅವಳು ಮಾತೇ ಆಡ್ತಿಲ್ಲ ಮಾವ. ಸಾಯಂಕಾಲದೊಳಗೆ ಮುಗಿದೋದ್ರೆ ಸಾಕು ಅಂತ ಗೋಡೆಗೆ ಹೇಳ್ತವ್ಳೆ. ನಂಗೂ ಅಷ್ಟೇ."

ಆ ಕಡೆಯಿಂದ ಒಂದು ಆರ್ತನಾದ ಕೇಳಿ ಫೋನು ಕಟ್ಟಾಯಿತು. ಅರಕಲಗೂಡಿನ ಕಡೆ ಸಿಗ್ನಲ್ಲು ಸರಿಯಿಲ್ಲ ಎಂದುಕೊಂಡು ಕಾಂತರಾಜು ಮತ್ತೆ ಅಂಕಿಯ ಮೇಲೆ ಕಣ್ಣು ನೆಟ್ಟ. ಅಂಕಿ ಇಳಿಯುತ್ತಿತ್ತು. ಇಳಿಯಬೇಕೋ ಬಾರದೋ ನೆನಪಾಗದೆ ಒದ್ದಾಡಿ ಮೋಹನ್‌ಕುಮಾರನನ್ನು ಕೂಗಿ ಕೇಳಿದ. ಈಗ ಇಳಿಯಬೇಕಂತೆ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಬೀದಿ ತುಂಬಿತು. ದೇವಯ್ಯ ಒಂದು ಟೆಂಪೋ ತುಂಬ ನೆಂಟರನ್ನು ಹೇರಿಕೊಂಡು ಬಂದಿಳಿದ. ಅದೇ ಹೊತ್ತಿಗೆ ಕಲಾವತಿ ಹೊಳೆನರಸೀಪುರದ ಬಸ್ಸಿಳಿದು ಓಡೋಡಿ ಬಂದಳು. "ಅಮ್ಮ ನುಗ್ಗೇಹಳ್ಳಿಯಿಂದ ಯಾವಾಗ ಬಂದ್ರು? ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎನ್ನುತ್ತ ಜಗಲಿಯ ಮೇಲೆ ಕುಸಿದಳು. ನೆಂಟರ ಹೆಂಗಸರು ಅವಳನ್ನು ಸುತ್ತುವರಿದು ತಲೆಗೆ ತಲೆ ಸೇರಿಸಿ ಕೂತರು.

"ಯಾರೂ ಒಳಗೆ ನುಗ್ಗಬೇಡಿ, ಗಾಳಿ ಬೇಕು" ಎಂದು ಅಮರನಾಥರು ಬಾಗಿಲಲ್ಲಿ ಕೈಚಾಚಿ ನಿಂತರು.

"ಗಾಳಿ ತೆಗೀತಾ ಅವ್ರಂತೆ ಸಾ ಒಳಗೆ!" ಎಂದು ದೇವಯ್ಯ ಅವರನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದ.

ಕೋಣೆ ಮಬ್ಬಾಗಿತ್ತು. ಮೋಹನ್‌ಕುಮಾರ್ ಧೂಳು ಕೂರದಿರಲೆಂದು, ಪೈಪಿಗೆ ಸುತ್ತುವ ಕಪ್ಪು ರಬ್ಬರಿನ ಉದ್ದನೆಯ ಸುರುಳಿಗಳನ್ನು ಮಂಚದ ಮೇಲಿಟ್ಟು ಲಕ್ಷ್ಮಿದೇವಮ್ಮನವರ ಕಂಬಳಿ ಹೊದಿಸಿದ್ದ. ಪಂಪಿನ ಕೊಳವೆ ಆ ಕಂಬಳಿಯ ಪಕ್ಕದಲ್ಲೇ ಹಾದು ಗೋಡೆಗೆ ಹೋಗಿತ್ತು. ಕೆಳಗೆ ಪಂಪು ಗುಂಯ್‌ಗುಡುತ್ತಿತ್ತು. ದೇವಯ್ಯನಿಗೆ ಇನ್ನೇನು ಬೇಕು?

"ಅಕ್ಕಾ! ನಿನ್ನ ಜೀವ ಈರ್ತಾವ್ರಲ್ಲೇ!"

"ಮುಟ್ಬೇಡಿ!" ಎಂದು ಮೋಹನ್‌ಕುಮಾರ್ ಹಿತ್ತಲಿಂದ ಓಡಿ ಬರುವಷ್ಟರಲ್ಲಿ ದೇವಯ್ಯ ಕೊಳವೆಗೆ ಕೈಹಾಕಿ, ಆಲೂಗಡ್ಡೆ ಗಿಡ ಕೀಳುವ ಬಲದಲ್ಲಿ ಕಿತ್ತೇಬಿಟ್ಟ. ಗಾಳಿಯಿಲ್ಲದೆ ಬರಿದಾಗಿದ್ದ ಪೈಪಿಗೆ ಹೊರಗಿನ ಗಾಳಿ ಸುಂಯ್ ಎಂದು ನುಗ್ಗಿತು.

"ಉಸಿರಾಡುದ್ಲು!" ಎಂದು ಕಿರುಚಿದ ದೇವಯ್ಯ. "ನಮ್ಮಕ್ಕ ಉಸಿರಾಡುದ್ಲು!"

ಮೋಹನ್‌ಕುಮಾರ್ ತಲೆ ಚಚ್ಚಿಕೊಂಡ. "ಹೋಯ್ತು! ಬೆಳಗಿಂದ ಮಾಡಿದ್ದೆಲ್ಲಾ ಹೋಯ್ತು!"

ಕಾಂತರಾಜು ಅಂಕಿ ನೋಡಿದ. ಅದು ಏರಿ ಏರಿ ಕಾಣದಂತಾಯಿತು. ಅತ್ತೆಯ ಬಸ್ಸು ಈ ಹೊತ್ತಿಗೆ ಊರು ಮುಟ್ಟಿರುತ್ತದೆ. "ಹೋಯ್ತಾ?" ಎಂದು ಕೇಳಿದ. ಆ ಗಂಟಲಿನಿಂದ ಬಂದ 'ಹೋಯ್ತಾ' ಬೀದಿಯ ಕೊನೆಯ ಮನೆಗೂ ಕೇಳಿಸಿತು.

ಜಗಲಿಯಲ್ಲಿ ಗೋಳು ಕಟ್ಟೆಯೊಡೆಯಿತು.

ಸರಿಯಾಗಿ ಆ ಗಳಿಗೆಯಲ್ಲೇ ಲಕ್ಷ್ಮಿದೇವಮ್ಮನವರು ಚೀಲ ಹಿಡಿದು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಮನೆ ಮುಂದೆ ಜನ, ಟೆಂಪೋ. ಗೋಳೋ ಎಂಬ ಅಳು. ಮಗಳು ಜಗಲಿಯ ಮೇಲೆ ಮಂಡಿಗೆ ಮುಖ ಒತ್ತಿ ಅಳುತ್ತಿದ್ದಾಳೆ. ಅಳಿಯ ಎಲ್ಲೂ ಕಾಣುತ್ತಿಲ್ಲ. ಅವರ ಕೈಯಿಂದ ಚೀಲ ಜಾರಿತು. ಹೆಂಗಸರ ಗುಂಪಿನ ಅಂಚಿನಲ್ಲಿ ಕುಸಿದು ಕೂತು ಎದೆ ಬಡಿದುಕೊಳ್ಳತೊಡಗಿದರು.

"ಯಾವಾಗ ಓಯ್ತಂತೆ ಜೀವ?" ಎಂದು ಪಕ್ಕದಲ್ಲಿದ್ದ ಹೆಂಗಸು ಸೆರಗಿನೊಳಗಿಂದಲೇ ಕೇಳಿದಳು.

"ಗೊತ್ತಿಲ್ಲ ಕಣವ್ವ, ನಾನೂ ಈಗ ಬಂದೆ" ಎಂದು ಲಕ್ಷ್ಮಿದೇವಮ್ಮನವರು ಬಿಕ್ಕಿದರು. "ಒಂದು ಒಲೆಗೋಸ್ಕರ ಮುನಿಸ್ಕಂಡು ಓದ್ನಲ್ಲವ್ವಾ! ಚಿನ್ನದಂತ ಮಗ ಕಣವ್ವ ಅವನು. ಬುದ್ಧಿ ಒಸಿ ಕಮ್ಮಿ ಅಷ್ಟೇಯ. ನನ್ ಮಂಡಿನೋವು ನೋಡ್ನಾರ್ದೆ ಆ ಸುಡುಗಾಡು ಮಿಸನ್ನು ತರಿಸ್ದ. ಕೊನೇಗಾಲದಲ್ಲಿ ಒಂದು ಒಳ್ಳೇ ಮಾತಾಡ್ದೆ ಕಳಿಸ್ಬುಟ್ನಲ್ಲಪ್ಪೋ ನನ್ನ ಕಾಂತರಾಜಾ!"

ಒಳಗೆ ಕಾಂತರಾಜು ಅತ್ತೆಯ ಧ್ವನಿ ಗುರುತು ಹಿಡಿದ. ತನ್ನ ಹೆಸರು ಹಿಡಿದು ಅಳುತ್ತಿದ್ದಾರೆ. ಏನಾಗಿದೆಯೆಂದು ತಿಳಿಯದೆ, ಬದುಕಿದ್ದೇನೋ ಇಲ್ಲವೋ ಎಂದು ಒಮ್ಮೆ ಕೆನ್ನೆ ಮುಟ್ಟಿ ನೋಡಿಕೊಂಡು ಬಾಗಿಲಿಗೆ ಬಂದ.

ಅತ್ತೆ ತಲೆಯೆತ್ತಿ ಅಳಿಯನನ್ನು ಕಂಡರು. ಅದೇ ಹೊತ್ತಿಗೆ ಗುರುಸಿದ್ದಮ್ಮ ಕಣ್ಣೊರೆಸಿಕೊಂಡು ತಿರುಗಿ ಲಕ್ಷ್ಮಿದೇವಮ್ಮನವರನ್ನು ಕಂಡು, ಕಿಟಾರನೆ ಕಿರುಚಿ ಅಮರನಾಥರ ಹಿಂದೆ ಅವಿತುಕೊಂಡರು. ಅಳು ಒಂದೊಂದಾಗಿ ನಿಂತಿತು. ಕಲಾವತಿ ಮಾತ್ರ "ಅಮ್ಮಾ" ಎಂದು ತಾಯಿಯ ಕತ್ತಿಗೆ ಜೋತುಬಿದ್ದು ಮೊದಲಿಗಿಂತ ಜೋರಾಗಿ ಅತ್ತಳು.

"ಅಂಗಾದ್ರೆ ಸತ್ತಿದ್ದು ಯಾರು?" ಎಂದು ಲಕ್ಷ್ಮಿದೇವಮ್ಮನವರು ಕೇಳಿದರು.

ಸರ್ಕಾರಿ ಸೇವೆಯಲ್ಲಿದ್ದವರಿಗೆ ಉತ್ತರ ಕೊಡುವ ಹೊಣೆ ಇರುತ್ತದಲ್ಲ, ಅಮರನಾಥರು ಕೆಮ್ಮಿ ಮುಂದೆ ಬಂದರು. "ತಾಯಿ, ನೀವೇ."

ಅಷ್ಟರಲ್ಲಿ ದೇವಯ್ಯ ಕಿತ್ತ ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು, ಅಕ್ಕನನ್ನು ನೋಡಿ ಕಂಬದಂತೆ ನಿಂತ.

"ನಾನು ಸತ್ತ ಮ್ಯಾಲೆ ಬಂದ್ಯೇನ್ಲಾ?" ಎಂದರು ಅಕ್ಕ.

"ಊಂ ಕಣಕ್ಕ" ಎಂದ ದೇವಯ್ಯ. ಗಟ್ಟಿ ಕುಳದ ಕೆಳತುಟಿ ಅದುರುತ್ತಿತ್ತು. "ತಪ್ಪಾಯ್ತು."

ಲಕ್ಷ್ಮಿದೇವಮ್ಮನವರು ಎದ್ದು ಅವನ ಹತ್ತಿರ ಹೋಗಿ, ಹೆಗಲ ಮೇಲಿನ ಟವೆಲಿನಿಂದ ಅವನ ಮುಖ ಒರೆಸಿದರು. ಆಮೇಲೆ ಕೊಳವೆ ಕಸಿದುಕೊಂಡು, "ಇದೇನ್ಲಾ ಇದು?" ಎಂದರು.

ಸತ್ಯವೆಲ್ಲ ಆಗ ಹೊರಬಿತ್ತು. ಹುಷಾರಿಲ್ಲ ಎಂದ ಸುಳ್ಳೂ ಹೊರಬಿತ್ತು. ಎಲ್ಲರೂ ಕಾಂತರಾಜುವಿನ ಕಡೆ ತಿರುಗಿದರು. ಅವನು ತಿರುಗಿ ನೋಡಲು ತನ್ನ ಹಿಂದೆ ಯಾರೂ ಇರಲಿಲ್ಲ.

"ಸಾರ್, ನಾನು ಹೊರಟೆ" ಎಂದು ಮೋಹನ್‌ಕುಮಾರ್ ಸಾಮಾನು ಜೋಡಿಸತೊಡಗಿದ. "ಪೈಪಿನ ತುಂಬ ಹೊರಗಿನ ಗಾಳಿ, ತೇವ ಸೇರ್ಕೊಂಡಿದೆ. ಮೊದಲಿಂದ ಎಳೀಬೇಕು. ಈ ಸಂತೆಯಲ್ಲಿ ಆಗೋ ಕೆಲಸ ಅಲ್ಲ. ಹಬ್ಬ ಆದಮೇಲೆ ನೋಡೋಣ."

ಕಾಂತರಾಜು ಅವನ ಸ್ಪ್ಯಾನರ್ ಹಿಡಿದುಕೊಂಡ. ಹೊಸಲಿನಾಚೆ ಅತ್ತೆ, ಈಚೆ ತಾನು. ಅವರು ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ.

"ಏ ಮಗಾ, ನಿಂತ್ಕೊ" ಎಂದರು ಲಕ್ಷ್ಮಿದೇವಮ್ಮನವರು ಮೆಕ್ಯಾನಿಕ್ಕಿಗೆ. "ಎಷ್ಟೊತ್ತು ಬೇಕೋ ತಗಾ. ಇಲ್ಲಿ ಒಬ್ರಾದ್ರೂ ಉಸಿರೆತ್ತುದ್ರೆ ನನ್ನ ಕೇಳು."

ಅಂಥ ಮೌನ ಆ ಬೀದಿ ಕಂಡಿರಲಿಲ್ಲ. ಅತ್ತು ಸುಸ್ತಾದ ನೆಂಟರೆಲ್ಲ ಕೋಣೆಯ ಕಿಟಕಿಗೆ, ಬಾಗಿಲಿಗೆ ಮುಖ ಇಟ್ಟು ನಿಂತರು. ಪಂಪು ಮತ್ತೆ ಗುಂಯ್‌ಗುಟ್ಟಿತು. ಅಂಕಿ ಇಳಿಯಿತು, ನಿಂತಿತು, ಎಲ್ಲರ ಎದೆಯೂ ನಿಂತಿತು, ಮತ್ತೆ ಇಳಿಯಿತು. ಪಂಪಿನ ಎಣ್ಣೆ ಬದಲಾಯಿಸಿ ಮೋಹನ್‌ಕುಮಾರ್ ಇನ್ನೊಂದು ಸಲ ಎಳೆದ. ಕೊನೆಗೆ ವಾಲ್ವು ಮುಚ್ಚಿ, ಪಂಪು ನಿಲ್ಲಿಸಿ, ಕೈ ಎತ್ತಿದ.

"ಈಗ ಏರಬಾರದು."

ಅಂಕಿ ತುಸು ಏರಿತು. ಕಲಾವತಿ ಗಂಡನ ತೋಳು ಹಿಡಿದಳು. ಗೋಡೆಯನ್ನಲ್ಲ, ಗಂಡನನ್ನೇ ನೋಡಿ, "ರೀ, ಏರ್ತಾ ಇದೆ ಕಣ್ರೀ" ಎಂದು ಪಿಸುಗುಟ್ಟಿದಳು. ಕಾಂತರಾಜು ಮಾತಾಡಲಿಲ್ಲ. ಬಾಯಿ ತೆರೆದರೆ ಗಾಳಿ ಹೋಗಿ ಪೈಪಿಗೆ ಸೇರೀತೆಂಬ ಭಯ. ದೇವಯ್ಯ ತನ್ನ ಎರಡೂ ಕೈಗಳನ್ನು ತಾನೇ ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡಿದ್ದ. ಅಂಕಿ ಅಲ್ಲೇ ನಿಂತಿತು. ನಿಂತೇ ಇತ್ತು. ಗೋಡೆಯ ಹಲ್ಲಿ ಲೊಚಗುಟ್ಟಿದ್ದಕ್ಕೆ ಅಮರನಾಥರು ಅದನ್ನು ದುರುಗುಟ್ಟಿ ನೋಡಿದರು.

"ಪಾಸ್" ಎಂದ ಮೋಹನ್‌ಕುಮಾರ್. ಹಿತ್ತಲಿಗೆ ಹೋಗಿ ಗ್ಯಾಸು ಬಿಟ್ಟು ಯಂತ್ರ ಚಾಲೂ ಮಾಡಿದ.

ದೀಪ ಹಚ್ಚುವ ಹೊತ್ತಿಗೆ ಮೋಹನ್‌ಕುಮಾರ್ ನೀರು ಮುಟ್ಟಿ ನೋಡಿ ತಲೆಯಾಡಿಸಿದ. ಲಕ್ಷ್ಮಿದೇವಮ್ಮನವರು ಹೊಸಲು ದಾಟಿ, ಯಾರ ಕಡೆಯೂ ನೋಡದೆ, ಟವೆಲು ತೆಗೆದುಕೊಂಡು ಬಚ್ಚಲ ಬಾಗಿಲು ಹಾಕಿಕೊಂಡರು. ಒಳಗೆ ನಲ್ಲಿ ತಿರುಗಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಕಾಂತರಾಜು ಒಳಗೆ ನಿಲ್ಲಲಾರದೆ ಗೇಟಿನ ಹತ್ತಿರ ಬಂದು ನಿಂತ.

ಆಗ ಮಧ್ಯಾಹ್ನದ ಸುದ್ದಿ ಕೇಳಿ ಹಳೇಕೋಟೆಯ ತಿಮ್ಮಪ್ಪ ಬಂದರು. ಲಕ್ಷ್ಮಿದೇವಮ್ಮನವರಿಗೆ ಭಾವ ಆಗಬೇಕು, ಮುದುಕರು. ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರ.

"ತಡ ಆಗೋಯ್ತು ಕಣಪ್ಪ. ಊವಿನೋಳು ಆರ ಕಟ್ಟದು ತಡ ಮಾಡುದ್ಲು" ಎಂದು ಏದುಸಿರು ಬಿಟ್ಟರು. "ಎತ್ತುಬುಟ್ರೇನೋ ಅಂದ್ಕಂಡೆ."

"ಇಲ್ಲ ದೊಡ್ಡಮಾವ" ಎಂದ ಕಾಂತರಾಜು, ಕಿವಿಯೆಲ್ಲ ಬಚ್ಚಲ ಕಡೆ ಇಟ್ಟು. "ಈಗ ಸ್ನಾನ ಆಗ್ತಾ ಅದೆ."

ತಿಮ್ಮಪ್ಪ ಚಪ್ಪಲಿ ಬಿಟ್ಟು, ತಲೆಯ ಪಂಚೆ ತೆಗೆದು, ಕಣ್ಣೊರೆಸಿಕೊಂಡರು. "ಪುಣ್ಯವಂತೆ. ಯಾರು ಮಾಡಿಸ್ತಾವ್ರೆ?"

"ಅವರೇ ಮಾಡ್ಕತಾವ್ರೆ."

ತಿಮ್ಮಪ್ಪ ಅವನ ಮುಖವನ್ನೇ ನೋಡಿದರು.

ಒಳಗಿನಿಂದ ಲಕ್ಷ್ಮಿದೇವಮ್ಮನವರ ಕೂಗು ಮನೆ ದಾಟಿ ಗೇಟಿಗೆ ಬಂದು ಬಡಿಯಿತು.

"ಏ ಕಾಂತರಾಜಾ! ಒಂದು ಕೊಡ ತಣ್ಣೀರು ತಗಬಾರಪ್ಪಾ! ಸುಡ್ತಾ ಅದೆ ಕಣೋ, ಬೋ ಸುಡ್ತಾ ಅದೆ!"

"ಬಂದೆ ಅತ್ತೆ!" ಎಂದು ಕಾಂತರಾಜು ಹುಚ್ಚನಂತೆ ನಗುತ್ತ ಒಳಗೆ ಓಡಿದ. ತಿಮ್ಮಪ್ಪ ಹಾರವನ್ನು ಮೆಲ್ಲಗೆ ಗೇಟಿನ ಮೇಲೆ ಇಟ್ಟು, ಚಪ್ಪಲಿ ಕೈಗೆತ್ತಿಕೊಂಡು, ಹಿಂದಕ್ಕೆ ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ಓಟ ಕಿತ್ತರು.